ಮೊದಲ ಅನುಮಾನ ಯಾರ ಮೇಲೆ?

ಸ್ಟೋರ್ ಮ್ಯಾನೇಜರ್ ಕೆಲಸಕ್ಕೆ ಸಂದರ್ಶನಕ್ಕೆ ಬಂದವರನ್ನೆಲ್ಲ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ತಿಂಗಳ ಕೊನೆಗೆ ಸ್ಟಾಕ್ ಎಣಿಸಿದ್ದೀರಿ. ಕಂಪ್ಯೂಟರ್ ಹೇಳುವುದಕ್ಕಿಂತ ಹತ್ತು ಸಾವಿರ ರೂಪಾಯಿಯ ಸರಕು ಕಡಿಮೆ ಬಂದಿದೆ. ಏನು ಮಾಡುತ್ತೀರಿ?"

ಉತ್ತರಕ್ಕೆ ಯಾರೂ ತಡವರಿಸುವುದಿಲ್ಲ. ಸಿಸಿಟಿವಿ ನೋಡುತ್ತೇನೆ, ಹುಡುಗರ ಬ್ಯಾಗು ತಪಾಸಣೆ ಮಾಡಿಸುತ್ತೇನೆ, ಹೊಸದಾಗಿ ಸೇರಿದವರು ಯಾರೆಂದು ವಿಚಾರಿಸುತ್ತೇನೆ ಎನ್ನುತ್ತಾರೆ. ಕಾಲೇಜು ಮುಗಿಸಿ ನೇರವಾಗಿ ಬಂದವರೂ ಹಾಗೇ ಹೇಳುತ್ತಾರೆ, ಬೇರೆ ಕಂಪನಿಯಲ್ಲಿ ಪಳಗಿದವರೂ ಹಾಗೇ ಹೇಳುತ್ತಾರೆ. ನನ್ನ ಪಕ್ಕ ಕೂತ ಸಹೋದ್ಯೋಗಿಗಳು ಆ ಉತ್ತರಕ್ಕೆ ಒಳ್ಳೆಯ ಅಂಕ ಕೊಡುವುದೂ ಉಂಟು, ಚುರುಕಾಗಿದ್ದಾನೆ ಎಂದು. ನಾನು ಕೊಡುವುದಿಲ್ಲ. ಸರಕು ಕಡಿಮೆಯಾದ ಗಳಿಗೆಯಲ್ಲೇ ಮನುಷ್ಯರ ಕಡೆ ಬೆರಳು ತೋರಿಸುವವನ ಕೈಗೆ ಇಪ್ಪತ್ತು ಮೂವತ್ತು ಜನರ ಅನ್ನವನ್ನು ಒಪ್ಪಿಸಲು ನನಗೆ ಮನಸ್ಸು ಬರುವುದಿಲ್ಲ.

ಹತ್ತು ಸಾವಿರ ಸಣ್ಣ ಮೊತ್ತವಲ್ಲ, ಅದನ್ನೂ ಒಪ್ಪುತ್ತೇನೆ. ಕಿರಾಣಿ ವ್ಯಾಪಾರದಲ್ಲಿ ಬಾಡಿಗೆ, ಕರೆಂಟು, ಸಂಬಳ ಎಲ್ಲ ಕಳೆದು ನೂರಕ್ಕೆ ಎರಡು ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. ಕಳೆದುಹೋದ ಹತ್ತು ಸಾವಿರವನ್ನು ಮತ್ತೆ ದುಡಿಯಬೇಕಾದರೆ ಐದು ಲಕ್ಷ ರೂಪಾಯಿಯ ಸರಕು ಮಾರಬೇಕು. ಈ ಲೆಕ್ಕವನ್ನು ಸಂದರ್ಶನದಲ್ಲಿ ಕಾಗದ ಕೊಟ್ಟು ಮಾಡಿಸುತ್ತೇನೆ. ನೂರು ಜನ ಒಳಗೆ ಬಂದು ಮೂವತ್ತು ಜನ ಕೊಂಡರೆ, ಒಬ್ಬೊಬ್ಬರ ಬಿಲ್ಲು ಸರಾಸರಿ ನಾನೂರಾದರೆ ಅಂದಿನ ವ್ಯಾಪಾರ ಎಷ್ಟು? ಆರು ಲಕ್ಷದ ಸ್ಟಾಕಿದ್ದು ದಿನಕ್ಕೆ ಇಪ್ಪತ್ತು ಸಾವಿರದ ಮಾಲು ಹೋಗುತ್ತಿದ್ದರೆ ಎಷ್ಟು ದಿನಕ್ಕೆ ಸಾಲುತ್ತದೆ? ಇವನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಸರಕು ಎಲ್ಲಿಗೆ ಹೋಯಿತು ಎನ್ನುವುದು ಮಾತ್ರ ಅಂಗಡಿಯಲ್ಲಿ ನಿಂತು ಕಣ್ಣು ಬಿಟ್ಟುಕೊಂಡು ನೋಡಿದವರಿಗೆ ಗೊತ್ತಿರುತ್ತದೆ.

ಎಷ್ಟೊಂದು ದಾರಿಗಳು! ಒಂದೇ ಕಂಪನಿಯ ಎರಡು ಪರಿಮಳದ ಸೋಪಿರುತ್ತದೆ, ಬೆಲೆ ಒಂದೇ. ಗಿರಾಕಿ ಗಂಧದ್ದು ಮೂರು, ಬೇವಿನದು ಎರಡು ತಂದಿಡುತ್ತಾಳೆ. ಸಾಲು ಉದ್ದ ಇದೆ. ಬಿಲ್ಲಿಂಗ್ ಹುಡುಗ ಒಂದು ಗಂಧದ ಸೋಪನ್ನೇ ಐದು ಸಲ ಸ್ಕ್ಯಾನ್ ಮಾಡುತ್ತಾನೆ. ದುಡ್ಡು ಸರಿಯಾಗಿಯೇ ಬರುತ್ತದೆ, ಸ್ಟಾಕಿನಲ್ಲಿ ಮಾತ್ರ ಬೇವಿನ ಸೋಪು ಕಡಿಮೆ, ಗಂಧದ್ದು ಹೆಚ್ಚು. ಒಂದು ಕೊಂಡರೆ ಒಂದು ಉಚಿತ ಎಂಬ ಆಫರಿನಲ್ಲಿ ಉಚಿತದ್ದನ್ನು ಬಿಲ್ಲಿಗೆ ಹೊಡೆಯದಿದ್ದರೆ ಅದೂ ಕಾಣೆಯಾದ ಲೆಕ್ಕಕ್ಕೇ ಸೇರುತ್ತದೆ. ಐವತ್ತು ಕೇಜಿ ಅಕ್ಕಿ ಚೀಲ ಬಿಚ್ಚಿ ಒಂದೊಂದು ಕೇಜಿ ಪೊಟ್ಟಣ ಕಟ್ಟುವಾಗ ಪ್ರತಿ ಪೊಟ್ಟಣಕ್ಕೂ ಐದು ಗ್ರಾಂ ಹೆಚ್ಚು ಬಿದ್ದರೆ ಒಂದು ಚೀಲಕ್ಕೆ ಕಾಲು ಕೇಜಿ, ನೂರು ಚೀಲಕ್ಕೆ ಇಪ್ಪತ್ತೈದು ಕೇಜಿ. ಈರುಳ್ಳಿ ಒಣಗುತ್ತದೆ, ಬೆಲ್ಲ ಕರಗುತ್ತದೆ. ಲಾರಿ ಬಂದಾಗ ಹೊರಗೆ ಮಳೆ, ಡ್ರೈವರನಿಗೆ ಅವಸರ. ಇನ್‌ವಾಯ್ಸಿನಲ್ಲಿ ಹನ್ನೆರಡು ಪೆಟ್ಟಿಗೆ, ಇಳಿದದ್ದು ಹನ್ನೊಂದು. ಸಹಿ ಹಾಕಿದ ಮೇಲೆ ಆ ಹನ್ನೆರಡನೆಯದು ನಮ್ಮ ಮೇಲೆಯೇ. ಪಕ್ಕದ ಬ್ರ್ಯಾಂಚಿಗೆ ಅರ್ಜೆಂಟಾಗಿ ಕಳಿಸಿದ ಎಣ್ಣೆ ಟಿನ್ನಿಗೆ ಚೀಟಿ ಬರೆದಿರುವುದಿಲ್ಲ. ಅವಧಿ ಮುಗಿದ ಬಿಸ್ಕತ್ತು ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತಿರುತ್ತದೆ, ಯಾರೂ ಎಣಿಸಿರುವುದಿಲ್ಲ. ಇಷ್ಟನ್ನೂ ತಡಕಾಡಿ ಮುಗಿಸಿದ ಮೇಲೆ ಉಳಿಯುವುದು ಕಳ್ಳತನ.

ಈ ಕ್ರಮ ನನಗೆ ಯಾವ ತರಬೇತಿಯಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಅಂಚೆಟ್ಟಿಯಲ್ಲಿ.

ತಮಿಳುನಾಡಿನ ಹೊಸೂರಿನಿಂದ ಡೆಂಕಣಿಕೋಟೆ ದಾಟಿ ಹೊಗೇನಕಲ್ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿನ ಘಾಟಿ ಇಳಿದರೆ ಸಿಗುವ ಊರು ಅಂಚೆಟ್ಟಿ. ಈಗ ತಾಲ್ಲೂಕು ಕೇಂದ್ರ. ಸುತ್ತ ಗುಡ್ಡ, ಪಕ್ಕದಲ್ಲಿ ಕಾವೇರಿಗೆ ಹೋಗಿ ಸೇರುವ ದೊಡ್ಡಹಳ್ಳ. ಈ ಕಾಡನ್ನೆಲ್ಲ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮ ಎಂದು ಘೋಷಿಸಿದರು. ಅದಕ್ಕೂ ಮೊದಲಿನಿಂದ ಆನೆಗಳು ಈ ದಾರಿಯನ್ನು ತಮ್ಮದೆಂದೇ ತಿಳಿದಿವೆ. ನನ್ನ ಸೋದರಮಾವನ ಅಂಗಡಿ ಬಸ್ಸು ನಿಲ್ಲುವ ಕಡೆ ಇತ್ತು. ಬೆಟ್ಟದ ಹಳ್ಳಿಗಳವರು ರಾಗಿ, ಹುರುಳಿ, ಹುಣಸೆ ತಂದು ಹಾಕಿ ಉಪ್ಪು, ಎಣ್ಣೆ, ಸೋಪು, ಬೀಡಿ ಒಯ್ಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಉದ್ರಿ ಪುಸ್ತಕ ಬರೆಯುತ್ತಿದ್ದೆ. ಬರುವವರಲ್ಲಿ ಕನ್ನಡದವರು, ತೆಲುಗಿನವರು, ತಮಿಳಿನವರು, ಉರ್ದು ಆಡುವವರು ಎಲ್ಲರೂ ಇದ್ದರು. ಮಾವ ಎದುರಿಗೆ ನಿಂತವರ ಮಾತಿನಲ್ಲೇ ಮಾತಾಡುತ್ತಿದ್ದ, ಲೆಕ್ಕ ಮಾತ್ರ ಕನ್ನಡದಲ್ಲೇ ಕೂಡುತ್ತಿದ್ದ.

ಒಮ್ಮೆ ಸಕ್ಕರೆ ಲೆಕ್ಕ ತಾಳೆಯಾಗಲಿಲ್ಲ. ಅಂಗಡಿಯಲ್ಲಿ ಮೂಟೆ ಹೊರುವ ಹುಡುಗನೊಬ್ಬನಿದ್ದ. ಅತ್ತೆಗೆ ಅವನ ಮೇಲೆ ಅನುಮಾನ. ಮಾವ ಅವಳಿಗೂ ನನಗೂ ಕೇಳುವಂತೆ ಹೇಳಿದ: "ಮೊದಲು ಚೀಟಿ ನೋಡು, ಆಮೇಲೆ ಚೀಲ ನೋಡು, ಮುಖ ಕೊನೆಗೆ ನೋಡು." ಚೀಟಿ ನೋಡಿದರೆ ಡೆಂಕಣಿಕೋಟೆಯ ಮಂಡಿಯಿಂದ ಬಂದದ್ದೇ ಒಂದು ಮೂಟೆ ಕಡಿಮೆ. ಹುಡುಗನಿಗೆ ತನ್ನ ಮೇಲೆ ಅನುಮಾನ ಬಿದ್ದಿತ್ತೆಂಬುದೇ ತಿಳಿಯಲಿಲ್ಲ. ಮಾವ ಆ ಮಾತನ್ನು ಅಲ್ಲಿಗೇ ಮುಗಿಸಿದ್ದು ಇವತ್ತಿಗೂ ನನಗೆ ದೊಡ್ಡದಾಗಿ ಕಾಣುತ್ತದೆ. ಸುಳ್ಳು ಅನುಮಾನವನ್ನು ಬಾಯಿ ಬಿಟ್ಟು ಆಡಿದ ಮೇಲೆ ಎಷ್ಟು ಕ್ಷಮೆ ಕೇಳಿದರೂ ಆ ಹುಡುಗ ಮೂಟೆಗೆ ಮೊದಲಿನ ಹಾಗೆ ಹೆಗಲು ಕೊಡುತ್ತಿರಲಿಲ್ಲ.

ಮಾವನ ಅಂಗಡಿಯಲ್ಲಿ ಗಿರಾಕಿ ಹಲಗೆಯ ಈಚೆ, ಸರಕು ಆಚೆ. ಪ್ರಪಂಚದ ಅಂಗಡಿಗಳೆಲ್ಲ ಬಹುಪಾಲು ಹಾಗೇ ಇದ್ದವು. 1916ರಲ್ಲಿ ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ಓಡಾಡಿ ಬೇಕಾದ್ದನ್ನು ತೆಗೆದುಕೊಳ್ಳುವ ಏರ್ಪಾಟು ಮಾಡಿದ. ಸಾಮಾನು ಕಟ್ಟಿಕೊಡುವವರ ಸಂಬಳ ಉಳಿಯಿತು, ವ್ಯಾಪಾರ ಬೆಳೆಯಿತು. ನಮ್ಮ ಕಡೆಗೆ ಆ ಪದ್ಧತಿ ದೊಡ್ಡದಾಗಿ ಬಂದದ್ದು ಬಹಳ ತಡವಾಗಿ. 1996ರಲ್ಲಿ ಚೆನ್ನೈಯಲ್ಲಿ ಫುಡ್‌ವರ್ಲ್ಡ್, 2001ರಲ್ಲಿ ಬಿಗ್ ಬಜಾರ್, 2006ರಲ್ಲಿ ಹೈದರಾಬಾದಿನಲ್ಲಿ ರಿಲಯನ್ಸ್ ಫ್ರೆಶ್. ಸಾಂಡರ್ಸನ ಏರ್ಪಾಟಿನ ತಳಹದಿ ಗಿರಾಕಿಯ ಮೇಲಿನ ನಂಬಿಕೆ. ಗಿರಾಕಿಗೆ ಕೊಟ್ಟ ಆ ನಂಬಿಕೆಯನ್ನು ನಾವು ಕೆಲಸದವರಿಂದ ಕಿತ್ತುಕೊಂಡೆವು ಎಂದು ನನಗೆ ಅನ್ನಿಸುತ್ತದೆ. ಗಿರಾಕಿಗೆ ಬಾಗಿಲಲ್ಲಿ ನಮಸ್ಕಾರ, ಕೆಲಸದ ಹುಡುಗಿಗೆ ಅದೇ ಬಾಗಿಲಲ್ಲಿ ಬ್ಯಾಗು ಬಿಚ್ಚುವ ಶಿಕ್ಷೆ.

ಕೆಲವು ಕಡೆ ಇನ್ನೂ ಮುಂದಕ್ಕೆ ಹೋಗುತ್ತಾರೆ. ಕಡಿಮೆಯಾದ ಸರಕಿನ ಬೆಲೆಯನ್ನು ಎಲ್ಲರ ಸಂಬಳದಲ್ಲೂ ಸಮನಾಗಿ ಮುರಿದುಕೊಳ್ಳುತ್ತಾರೆ. ನಾನು ಮೊದಲು ಕೆಲಸಕ್ಕಿದ್ದ ಒಂದು ಅಂಗಡಿಯಲ್ಲಿ ನನ್ನ ಸಂಬಳದಿಂದಲೂ ಹೀಗೆ ಮುರಿದಿದ್ದರು. ಅದು ಕಾನೂನಿಗೆ ವಿರುದ್ಧ ಎಂದು ಆಗ ನನಗೆ ಹೇಳುವವರಿರಲಿಲ್ಲ. 1936ರ ವೇತನ ಪಾವತಿ ಕಾಯ್ದೆಯಿಂದ 2019ರ ವೇತನ ಸಂಹಿತೆಯವರೆಗೆ ನಿಯಮ ಒಂದೇ: ಆ ಸರಕನ್ನು ಆ ಕೆಲಸಗಾರನ ವಶಕ್ಕೇ ಒಪ್ಪಿಸಿರಬೇಕು, ನಷ್ಟ ನೇರವಾಗಿ ಅವನ ಉದಾಸೀನದಿಂದಲೇ ಆಗಿರಬೇಕು, ಮುರಿಯುವ ಮೊದಲು ಅವನ ಮಾತು ಕೇಳಿರಬೇಕು. ಮ್ಯಾನೇಜರ್ ಆಗಬೇಕೆನ್ನುವವರು ಇಷ್ಟನ್ನು ತಿಳಿದುಕೊಂಡು ಸಂದರ್ಶನಕ್ಕೆ ಬರಲಿ ಎಂಬುದು ನನ್ನ ಆಸೆ.

ಹೊಸೂರಿನ ಒಂದು ಮಳಿಗೆಗೆ ಮ್ಯಾನೇಜರ್ ಹುಡುಕುತ್ತಿದ್ದಾಗ ಅಂಚೆಟ್ಟಿಯ ಆಚೆಯ ಹಳ್ಳಿಯೊಂದರ ಹುಡುಗಿ ಬಂದಿದ್ದಳು. ಡೆಂಕಣಿಕೋಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿ, ಆಮೇಲೆ ಹೊಸೂರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ಲಿಂಗ್, ಅಲ್ಲಿಂದ ಸೂಪರ್‌ವೈಸರ್ ಆದವಳು. ಪದವಿಯನ್ನು ಅಂಚೆಯ ಮೂಲಕ ಮುಗಿಸಿದ್ದಳು. ನನ್ನ ಸಹೋದ್ಯೋಗಿ ಇಂಗ್ಲಿಷಿನಲ್ಲಿ ಶುರು ಮಾಡಿದರು, ನಿಮ್ಮ ಬಗ್ಗೆ ಹೇಳಿ ಎಂದು. ಬಾಯಿಪಾಠ ಮಾಡಿದ ನಾಲ್ಕು ವಾಕ್ಯ ಹೇಳಿ ನಿಂತುಬಿಟ್ಟಳು. ತಮಿಳಿನಲ್ಲಿ ಕೇಳಿದರು, ಸ್ವಲ್ಪ ಮುಂದೆ ಹೋದಳು. ಅವಳ ಅರ್ಜಿಯಲ್ಲಿ ಗೊತ್ತಿರುವ ಭಾಷೆಗಳು ಎಂಬಲ್ಲಿ ತಮಿಳು, ಇಂಗ್ಲಿಷ್ ಎಂದಷ್ಟೇ ಇತ್ತು. "ಮನೇಲಿ ಏನು ಮಾತಾಡ್ತೀರಮ್ಮ?" ಎಂದು ಕನ್ನಡದಲ್ಲಿ ಕೇಳಿದೆ. "ಕನ್ನಡಾನೇ ಮೇಡಂ. ಪಕ್ಕದ ಮನೆಯೋರ ಹತ್ರ ತೆಲುಗು" ಎಂದಳು. ಆ ಎರಡನ್ನೂ ಯಾಕೆ ಬರೆದಿಲ್ಲ ಎಂದೆ. ಅದು ಮನೆಮಾತು, ಅರ್ಜಿಗೆ ಬರೆಯೋದಲ್ಲ ಅಂದುಕೊಂಡಿದ್ದೆ ಎಂದಳು.

ನನಗೆ ಹೊಟ್ಟೆ ಉರಿಯಿತು, ಅವಳ ಮೇಲಲ್ಲ. ನಮ್ಮ ಗಡಿಯ ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾರೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ತಮಿಳನ್ನು ಕಡ್ಡಾಯವಾಗಿ ಕಲಿಯಬೇಕಾಯಿತು. 2015-16ರ ಹೊತ್ತಿಗೆ ಅದು ಹತ್ತನೆಯ ತರಗತಿಯ ಪರೀಕ್ಷೆಗೂ ಬಂತು, ಭಾಷಾ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳ ವಿನಾಯಿತಿಗಾಗಿ ಕೋರ್ಟು ಹತ್ತಬೇಕಾಯಿತು. ತಮಿಳು ಕಲಿಯುವುದು ಒಳ್ಳೆಯದೇ. ನಾನೂ ಕಲಿತೆ, ಅದರಿಂದಲೇ ಬದುಕಿದೆ. ಆದರೆ ಈ ಎಳೆದಾಟದಲ್ಲಿ ಬೆಳೆದ ಮಕ್ಕಳಿಗೆ ತಮ್ಮ ಮಾತು ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೊಸೂರಿನ ಅಂಗಡಿಗೆ ಬರುವವರು ಯಾರು? ಕೆಲಮಂಗಲ, ತಳಿ ಕಡೆಯ ರೈತರು, ಬೆಂಗಳೂರಿನಿಂದ ಇತ್ತ ಬಂದು ಮನೆ ಮಾಡಿದವರು, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾರ್ಖಾನೆಗಳಲ್ಲಿ ದುಡಿಯುವವರು. ನಾಲ್ಕು ಮಾತು ಬಲ್ಲ ಮ್ಯಾನೇಜರ್ ಸಿಕ್ಕರೆ ಅದು ಅಂಗಡಿಯ ಅದೃಷ್ಟ. ಇಂಗ್ಲಿಷು ಬೇಕಾಗುವುದು ಹೆಡ್ ಆಫೀಸಿಗೆ ಮೇಲ್ ಬರೆಯುವಾಗ. ಅವಳು ಯಾವ ಮಾತಿನಲ್ಲಿ ಮಾರುತ್ತಾಳೋ ಆ ಮಾತಿನಲ್ಲೇ ಅವಳನ್ನು ಕೇಳಬೇಕು ಎಂದು ನಾನು ಅಂದಿನಿಂದ ಹಟ ಹಿಡಿದಿದ್ದೇನೆ. ಟೈಟನ್ ಕಾರ್ಖಾನೆ 1980ರ ದಶಕದಲ್ಲಿ ಹೊಸೂರಿನಲ್ಲಿ ಶುರುವಾದಾಗ ತಮಿಳುನಾಡಿನ ಸಣ್ಣ ಊರುಗಳಲ್ಲಿ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತಂದು ಗಡಿಯಾರ ಜೋಡಿಸುವುದನ್ನು ಕಲಿಸಿದರು. ಕೈ, ಕಣ್ಣು, ತಾಳ್ಮೆ ಇದ್ದರೆ ಉಳಿದದ್ದನ್ನು ಕಲಿಸಬಹುದು ಎಂದು ನಂಬಿದ್ದವರು ನಮ್ಮ ಊರಿನಲ್ಲೇ ಇದ್ದರು.

ನನ್ನ ಪ್ರಶ್ನೆಯನ್ನು ಅವಳಿಗೂ ಕೇಳಿದೆ, ಕನ್ನಡದಲ್ಲಿ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

"ಹತ್ತು ಸಾವಿರ ಒಂದೇ ಸಾಮಾನಲ್ಲಿ ಹೋಗಿದೆಯಾ, ಎಲ್ಲಾದ್ರಲ್ಲೂ ಸ್ವಲ್ಪ ಸ್ವಲ್ಪ ಹೋಗಿದೆಯಾ ಅಂತ ನೋಡ್ತೀನಿ ಮೇಡಂ. ಒಂದೇ ಸಾಮಾನಾದ್ರೆ ಲಾರಿ ಇಳಿಸಿದ ದಿನದ ಬಿಲ್ಲಲ್ಲೇ ಏನೋ ಆಗಿರತ್ತೆ. ಒಂದು ಕಡಿಮೆ, ಅದರ ಜೊತೇದು ಜಾಸ್ತಿ ಇದ್ರೆ ಸ್ಕ್ಯಾನಿಂಗಲ್ಲಿ ತಪ್ಪು. ಬಿಡಿ ಮಾರೋ ಬೇಳೆ ಅಕ್ಕಿ ಕಡಿಮೆ ಬಂದ್ರೆ ತಕ್ಕಡಿ ನೋಡ್ಬೇಕು. ಕಳ್ಳತನ ಆಗಿದ್ರೆ ಅದು ಚಿಕ್ಕದು, ಬೆಲೆ ಜಾಸ್ತಿದು, ಜೇಬಲ್ಲಿ ಹಿಡಿಯೋದೇ ಆಗಿರತ್ತೆ. ಬ್ಲೇಡು, ಸೆಂಟು, ಗೋಡಂಬಿ. ಇದೆಲ್ಲ ನೋಡದೆ ಯಾರನ್ನ ಅಂತ ಕೇಳೋದು?"

ಅಷ್ಟು ಹೊತ್ತಿಗೆ ನನ್ನ ಸಹೋದ್ಯೋಗಿಯೂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಅವರಿಗೆ ಕನ್ನಡ ಅರ್ಧ ಅರ್ಥವಾಗುತ್ತದೆ, ಆದರೆ ಅಂಗಡಿ ಪೂರ್ತಿ ಅರ್ಥವಾಗುತ್ತದೆ. ಇದನ್ನು ಎಲ್ಲಿ ಕಲಿತಿರಿ ಎಂದು ಅವರೇ ಕೇಳಿದರು. ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಸಲ ತನ್ನ ಗೆಳತಿಯನ್ನು ಕಳ್ಳಿ ಎಂದು ಮನೆಗೆ ಕಳಿಸಿದರು, ಮೂರು ವಾರದ ಮೇಲೆ ಕಾಣೆಯಾಗಿದ್ದ ಪೆಟ್ಟಿಗೆ ಗೋಡೌನಿನಲ್ಲೇ ಸಿಕ್ಕಿತು, ಗೆಳತಿ ಮತ್ತೆ ಬರಲಿಲ್ಲ ಎಂದಳು. ಅದರಾಚೆಗೆ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಅಂಗಡಿ ಕೆಲಸದ ಇಂಟರ್‌ವ್ಯೂ ಎಂದರೆ ಅನೇಕರಿಗೆ ಮೊದಲು ನೆನಪಾಗುವುದು ರೇಷನ್ ಅಂಗಡಿಯದು. ಮಾರಾಟಗಾರರಿಗೆ ಹನ್ನೆರಡನೆಯ ತರಗತಿ, ಪೊಟ್ಟಣ ಕಟ್ಟುವವರಿಗೆ ಹತ್ತನೆಯ ತರಗತಿ, ಸಹಕಾರ ಇಲಾಖೆಯಿಂದ ಸಂದರ್ಶನ. ಸರ್ಕಾರಿ ನೆರಳಿನ ಆ ಕೆಲಸಕ್ಕೆ ಪದವಿ ಪಡೆದವರೂ ಸಾಲು ನಿಲ್ಲುತ್ತಾರೆ. ಖಾಸಗಿ ಮಳಿಗೆಯ ಮ್ಯಾನೇಜರ್ ಕೆಲಸ ಅದಕ್ಕಿಂತ ಕೀಳೆಂದು ಮನೆಯವರು ತಿಳಿಯುವುದಕ್ಕೆ ಕಾರಣವಿದೆ. ಚೆನ್ನೈಯಲ್ಲಿ 1997ರಲ್ಲಿ ಹುಟ್ಟಿದ ಸುಭಿಕ್ಷ ಎಂಬ ಸರಣಿ ದೇಶದುದ್ದಕ್ಕೂ ಸಾವಿರದ ಆರುನೂರರಷ್ಟು ಅಂಗಡಿ ತೆರೆದು, 2009ರಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು. ಸಂಬಳ ಬಾರದೆ ಕೂತವರು ಎಷ್ಟೋ ಊರುಗಳಲ್ಲಿದ್ದರು. ಅದಕ್ಕೇ ನಾನು ಸಂದರ್ಶನಕ್ಕೆ ಬರುವ ಮಕ್ಕಳಿಗೆ ಹೇಳುತ್ತೇನೆ: ಕೊನೆಯಲ್ಲಿ ನಿಮಗೇನಾದರೂ ಕೇಳಲಿಕ್ಕಿದೆಯೇ ಎಂದಾಗ ಇಲ್ಲ ಎನ್ನಬೇಡಿ. ಸಂಬಳ ಯಾವ ತಾರೀಖು, ಪಿಎಫ್ ಕಟ್ಟುತ್ತೀರಾ, 21,000 ರೂಪಾಯಿಯೊಳಗಿನ ಸಂಬಳದವರಿಗೆ ಇಎಸ್‌ಐ ಇದೆಯಾ, ಸ್ಟಾಕ್ ಕಡಿಮೆ ಬಂದರೆ ಯಾರು ತುಂಬುತ್ತಾರೆ ಎಂದು ಕೇಳಿ.

ಮತ್ತೊಂದು, ಕೂರುವುದಕ್ಕೆ ಜಾಗ ಇದೆಯಾ ಎಂದೂ ಕೇಳಿ. ದೊಡ್ಡ ಅಂಗಡಿಗಳ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರುವುದನ್ನು ನಾವೆಲ್ಲ ಕಂಡಿದ್ದೇವೆ, ಕಾಲಿನ ನರ ಉಬ್ಬುವುದನ್ನೂ ಕಂಡಿದ್ದೇವೆ. ವಸಂತಬಾಲನ್ ಅವರ 2010ರ ತಮಿಳು ಚಿತ್ರ 'ಅಂಗಾಡಿ ತೆರು' ಇದನ್ನು ಪರದೆಯ ಮೇಲೆ ತಂದಿತು. ಕೋಯಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಪಿ. ವಿಜಿ ಎಂಬ ದರ್ಜಿ ಹೆಂಗಸು 'ಪೆಣ್‌ಕೂಟ್ಟ್' ಎಂಬ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆಯಿತು. ತಮಿಳುನಾಡು 2021ರಲ್ಲಿ ತನ್ನ 1947ರ ಅಂಗಡಿ ಕಾಯ್ದೆಗೆ 22-ಎ ಎಂಬ ಹೊಸ ಕಲಮು ಸೇರಿಸಿತು. ಕಾನೂನು ಬಂದರೂ ಸ್ಟೂಲನ್ನು ತಂದಿಡುವುದು, ಖಾಲಿ ಹೊತ್ತಿನಲ್ಲಿ ಕೂತ ಹುಡುಗಿಯನ್ನು ಕಂಡು ಹುಬ್ಬು ಗಂಟಿಕ್ಕದೆ ಇರುವುದು ಮ್ಯಾನೇಜರ್ ಕೈಯಲ್ಲೇ ಇದೆ. ಕೂತವಳನ್ನು ಸೋಮಾರಿ ಎನ್ನುವವನೂ ಸರಕು ಕಡಿಮೆಯಾದಾಗ ಬ್ಯಾಗು ಬಿಚ್ಚಿಸುವವನೂ ಬಹಳ ಸಲ ಒಬ್ಬನೇ ಆಗಿರುತ್ತಾನೆ.

ಆ ಹುಡುಗಿಗೂ ಕೊನೆಯಲ್ಲಿ ಕೇಳಿದೆವು, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದು. ಅಷ್ಟರಲ್ಲಿ ನಾನು ಅಂಚೆಟ್ಟಿಯವಳೆಂದು ಅವಳಿಗೆ ತಿಳಿದಿತ್ತು, ಮೇಡಂ ಹೋಗಿ ಅಕ್ಕ ಬಂದಿತ್ತು. "ರಾತ್ರಿ ಹತ್ತಕ್ಕೆ ಕ್ಲೋಸಿಂಗ್ ಅಂತೀರಲ್ಲಕ್ಕ, ಲೆಕ್ಕ ಮುಗಿಸಿ ಷಟರ್ ಎಳೆಯೋಕೆ ಹತ್ತೂವರೆ. ಬಿಲ್ಲಿಂಗ್ ಹುಡುಗೀರು ಮನೆಗೆ ಹೆಂಗೆ ಹೋಗ್ತಾರೆ?" ತನಗಾಗಿ ಅವಳು ಕೇಳಲಿಲ್ಲ. ಅವಳು ಹೊಸೂರಿನಲ್ಲೇ ಕೋಣೆ ಮಾಡಿದ್ದಳು. ಆ ಹೊತ್ತಿನಲ್ಲಿ ನಮ್ಮ ಕಡೆಗೆ ಬಸ್ಸನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಸಿಕ್ಕರೂ ಘಾಟಿಯಲ್ಲಿ ಆನೆ ಅಡ್ಡ ನಿಂತರೆ ಅದು ಸರಿಯುವ ತನಕ ಕಾಯಬೇಕು. ತಮಿಳುನಾಡು 2019ರಲ್ಲಿ ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳಿಗೆ ದಿನವಿಡೀ ತೆರೆದಿರಲು ಅನುಮತಿ ಕೊಟ್ಟಾಗ, ಹೆಂಗಸರನ್ನು ರಾತ್ರಿ ಎಂಟರ ಮೇಲೆ ದುಡಿಸುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ರಕ್ಷಣೆ ಬೇಕು, ವಾಹನದ ಏರ್ಪಾಟು ಬೇಕು ಎಂದು ಷರತ್ತು ಹಾಕಿತ್ತು. ನಮ್ಮ ಫೈಲಿನಲ್ಲಿ ಒಪ್ಪಿಗೆ ಪತ್ರಗಳಿದ್ದವು, ವಾಹನ ಇರಲಿಲ್ಲ. ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳನ್ನೇ ತೆಗೆದುಕೊಂಡೆವು. ಸೇರಿದ ಮೇಲೆ ಅವಳು ದೂರದ ಹಳ್ಳಿಯವರನ್ನೆಲ್ಲ ಬೆಳಗಿನ ಶಿಫ್ಟಿಗೆ ಹಾಕಿದಳು, ಸಂಜೆಗೆ ಹೊಸೂರಿನವರನ್ನು. ಅದರಿಂದ ಹೊಸ ತೊಡಕು ಬಂತು. ಸಂಜೆ ವ್ಯಾಪಾರ ಹೆಚ್ಚು, ಇನ್ಸೆಂಟಿವ್ ಹೆಚ್ಚು, ಬೆಳಗಿನವರಿಗೆ ಅದು ತಪ್ಪಿತು. ಇನ್ಸೆಂಟಿವನ್ನು ಶಿಫ್ಟಿನ ಮೇಲೆ ಕೊಡಬೇಡಿ, ಇಡೀ ಮಳಿಗೆಗೆ ಹಂಚಿ ಎಂದು ಅವಳೇ ಫೋನ್ ಮಾಡಿ ವಾದಿಸಿದಳು. ಅದಕ್ಕೆ ಹೆಡ್ ಆಫೀಸಿನ ಒಪ್ಪಿಗೆ ಸಿಕ್ಕಿದೆ. ವಾಹನಕ್ಕೆ ಇನ್ನೂ ಸಿಕ್ಕಿಲ್ಲ. ಮುಂದಿನ ತಿಂಗಳ ಮೀಟಿಂಗಿಗೆ ಅವಳನ್ನೂ ಕರೆದಿದ್ದೇನೆ, ಷಟರ್ ಎಳೆದ ಮೇಲೆ ಯಾರು ಎಲ್ಲಿಗೆ ಹೋಗಬೇಕು, ಹೇಗೆ ಹೋಗುತ್ತಿದ್ದಾರೆ ಎಂಬ ಪಟ್ಟಿಯನ್ನು ಬರೆದು ತಾ ಎಂದಿದ್ದೇನೆ.